ಮೋದಿನಸಾಬರ ಎಣಿಕೆ

ನಮ್ಮೂರಿನಲ್ಲಿ ಏನನ್ನೇ ಎಣಿಸಿದರೂ ಅದರಲ್ಲಿ ಒಂದು ಕಡಿಮೆಯಾಗುತ್ತದೆ. ಬುಟ್ಟಿಯಲ್ಲಿನ ಮೊಟ್ಟೆಯಾಗಲಿ, ದೊಡ್ಡಿಯಲ್ಲಿನ ಕುರಿಯಾಗಲಿ, ಬಾಯಿಬಿಟ್ಟು ಎಣಿಸಿದರೂ ಅಷ್ಟೇ, ಮನಸ್ಸಿನಲ್ಲಿ ಎಣಿಸಿದರೂ ಅಷ್ಟೇ. ಬರೀ ಅಂಕಿ ಹೇಳಿದರೆ ಏನೂ ಆಗುವುದಿಲ್ಲ. ಶಾಲೆಯಲ್ಲಿ ಮಕ್ಕಳು ಮಗ್ಗಿ ಒಪ್ಪಿಸುತ್ತಾರೆ, ಮಗ್ಗಿಗೆ ಯಾವ ವಸ್ತುವೂ ಅಂಟಿಕೊಂಡಿಲ್ಲವಲ್ಲ. ಒಂದು ವಸ್ತುವಿನ ಮೇಲೆ ಕಣ್ಣಿಟ್ಟು ಒಂದು, ಎರಡು ಎಂದರೆ ಮಾತ್ರ ತೊಂದರೆ. ಅದಕ್ಕೆ ನಮ್ಮವರು ಎಣಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಮೊಟ್ಟೆ ಮಾರುವ ಚಂಬವ್ವ ಸೆರಗಿನ ಅಳತೆಯಲ್ಲಿ ಮಾರುತ್ತಾಳೆ. ಕುರಿ ಕಾಯುವವರು ಪ್ರತಿ ಕುರಿಗೂ ಹೆಸರಿಟ್ಟು ಸಂಜೆ ಹೆಸರು ಕೂಗಿ ದೊಡ್ಡಿಗೆ ಬಿಡುತ್ತಾರೆ. ಮದುವೆಯಲ್ಲಿ ಊಟಕ್ಕೆ ಎಷ್ಟು ಜನ ಎಂದು ಯಾರೂ ಕೇಳುವುದಿಲ್ಲ, ಪಂಕ್ತಿ ಬಾಗಿಲವರೆಗೆ ಬಂತೋ ಅಂಗಳದವರೆಗೆ ಬಂತೋ ಎಂದು ಕೇಳುತ್ತಾರೆ.

ಕನ್ನಡದ ಎಣಿಕೆಯೊಂದೇ ಹೀಗೆ ಎಂದಲ್ಲ. ಊರಿಗೆ ಯಾವ ಭಾಷೆ ಬಳಕೆಯಾಯಿತೋ ಅದೂ ಕೆಡುತ್ತದೆ. ಉರ್ದು, ಮರಾಠಿ, ತೆಲುಗು ನಮ್ಮ ಅಜ್ಜಂದಿರ ಕಾಲಕ್ಕೇ ಕೆಟ್ಟವು. ಇಂಗ್ಲಿಷ್ ಶಾಲೆಯ ಜೊತೆ ಬಂತು, ಮಕ್ಕಳೆಲ್ಲ ಕಲಿಯುವವರೆಗೆ ನಡೆಯಿತು, ಆಮೇಲೆ ಅದೂ ಹೋಯಿತು. ಬೋರ್‌ವೆಲ್ ಕೊರೆಯಲು ಬಂದ ಲಾರಿಯವರ ತಮಿಳು ಒಂದು ಬೇಸಿಗೆ ಬಾಳಿತು.

ನಾನು ಇದೇ ಊರಿನವಳು, ಇಂದ್ರಾಬಾಯಿ. ಹೊರಗೆ ಹೋಗಿ ನರ್ಸ್ ಕೆಲಸ ಕಲಿತು, ಬೇರೆ ಬೇರೆ ಕಡೆ ದುಡಿದು, ಕೊನೆಗೆ ನಮ್ಮೂರಿನ ದವಾಖಾನೆಗೇ ವರ್ಗ ಮಾಡಿಸಿಕೊಂಡು ಬಂದೆ. ಹೊರಗೆ ಎಲ್ಲರ ಹಾಗೆ ನಾಡಿ ಹಿಡಿದು ಎಣಿಸುತ್ತಿದ್ದವಳು ಇಲ್ಲಿ ಎಣಿಸುವುದನ್ನು ಬಿಡಬೇಕಾಯಿತು, ಯಾಕೆಂದರೆ ಎಣಿಸಿದರೆ ಆ ನಾಡಿ ಒಂದು ಬಡಿತ ತಪ್ಪುತ್ತದೆ. ಗಟ್ಟಿ ಆಳಿಗೆ ಅದು ಬಿಕ್ಕಳಿಕೆಯಿದ್ದ ಹಾಗೆ, ಗೊತ್ತೂ ಆಗುವುದಿಲ್ಲ. ಸೋತ ಎದೆಗೆ ಹಾಗಲ್ಲ. ಅದಕ್ಕೆ ನಾನು ಮಣಿಕಟ್ಟು ಹಿಡಿದು, ಏರು ಹತ್ತುವ ಎತ್ತಿನಂತಿದೆ, ಓಡುವ ಆಡಿನಂತಿದೆ ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆ. ಬಸುರಿಯರ ಹೊಟ್ಟೆಗೆ ಅಲ್ಯುಮಿನಿಯಂ ತುತ್ತೂರಿ ಇಟ್ಟು ಕೂಸಿನ ಎದೆ ಕೇಳುವಾಗಲೂ ಹಾಗೆಯೇ.

ಸಾವಂತ್ರಿ ಬಸುರಿಯಾದ ವರ್ಷ ಈ ರೂಢಿ ಸಾಲದಾಯಿತು. ಅವಳು ಟಂಟಂ ಆಟೊ ಓಡಿಸುವ ಮಹಾರುದ್ರನ ಹೆಂಡತಿ. ನಾನು ಇಲ್ಲಿಗೆ ಬರುವ ಮೊದಲು ಅವಳಿಗೊಂದು ಕೂಸು ಆಗಬೇಕಿತ್ತು. ದಿನ ತುಂಬುವ ಮುಂಚೆ ಹೊಟ್ಟೆಯೊಳಗೇ ಅದರ ಎದೆ ನಿಧಾನವಾಗಿ, ಯಾರಿಗೂ ತಿಳಿಯದೆ ನಿಂತುಹೋಗಿತ್ತು. ಈ ಸಲವೂ ಅವಳ ಕಾಲು ಊದಿದವು, ಬಿಪಿ ಏರಿತು. ಗುಡ್ಡದಾಚೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರ್ ಉಮರಾಣಿ ಮೇಡಂ ಮಾತು ಕಡಿಮೆಯ ಹೆಂಗಸು. ಕೂಸಿನ ಎದೆ ಹೇಗಿದೆ ಎಂದು ಕೇಳಿದರು.

"ಹೊಲಿಗಿ ಮಷಿನ್ ಓಡಿದಂಗ ಐತ್ರಿ" ಎಂದೆ.

"ನಂಗ ನಂಬರ್ ಬೇಕ್ರಿ ಸಿಸ್ಟರ್, ಹೊಲಿಗಿ ಮಷಿನ್ ಬ್ಯಾಡ" ಎಂದರು. "ದಿನಾ ಕಾಲು ನಿಮಿಷ ಕೇಳ್ರಿ. ಮೂವತ್ತರ ಮ್ಯಾಲ ಇದ್ರ ಚಿಂತಿಲ್ಲ. ಕಡಿಮಿ ಆತಂದ್ರ ಒಂದು ತಾಸು ಸೈತ ಕಾಯಬ್ಯಾಡ್ರಿ, ಇಲ್ಲಿಗೆ ತರ್ರಿ. ಮೂವತ್ತಕ್ಕೂ ಇಪ್ಪತ್ತೈದಕ್ಕೂ ಇರೂ ಫರಕು ಕಿವಿಗೆ ತಿಳಿಯೂದಿಲ್ಲ. ಎಣಸಾಕs ಬೇಕು."

ಗುಡ್ಡ ದಾಟಿದರೆ ನಮ್ಮೂರಿನ ಕಟ್ಟು ಇರುವುದಿಲ್ಲ, ಯಾವ ಭಾಷೆಯಲ್ಲಾದರೂ ಎಣಿಸಬಹುದು. ಆದರೆ ಆ ರಸ್ತೆಯಲ್ಲಿ ದಿನವೂ ಕುಲುಕಿಸುವುದು ಬೇಡ, ಮಲಗಿಯೇ ಇರಬೇಕು ಎಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಆಸ್ಪತ್ರೆಯಲ್ಲಿ ಇಟ್ಟುಕೊಳ್ಳೋಣವೆಂದರೆ ನೋವು ಬಂದವರೇ ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದರು.

ಟಂಟಂ ಮರಳಿ ಮನೆ ಮುಟ್ಟಿದ ಮೇಲೆ ಸಾವಂತ್ರಿ ನನ್ನ ಕೈ ಹಿಡಿದು, "ಬಾಯಾರ, ಊರಿಗೆ ಗೊತ್ತಿಲ್ಲದ್ದು ಯಾವದರೆ ಒಂದು ಭಾಷಾ ಇರಬೇಕಲ್ರಿ" ಎಂದಳು. ದಾರಿಯುದ್ದಕ್ಕೂ ನಾನೂ ಅದನ್ನೇ ಯೋಚಿಸುತ್ತಿದ್ದೆ. ಅವಳ ಗಂಡ ತಲೆ ಕೆರೆದುಕೊಂಡು, ಗಿರಮಿಟ್, ಮಿರ್ಚಿ ಮಾರುವ ಮೋದಿನಸಾಬರು ಹರೆಯದಲ್ಲಿ ನಾರ್ವೆ ದೇಶದ ಹಡಗಿನಲ್ಲಿ ಅಡಿಗೆಯವರಾಗಿದ್ದರಂತೆ ಎಂದ.

ಮೋದಿನಸಾಬರ ಅಂಗಡಿ ಬಸ್ ನಿಲ್ಲುವ ಜಾಗದಲ್ಲಿತ್ತು. ಅವರು ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದರು, ಹೆಂಡತಿ ಜೈತುನಬಿ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದರು. ವಿಷಯ ಹೇಳಿದೆ. ಮುದುಕರು ತಲೆ ಎತ್ತದೆ, "ಎಲ್ಲಾ ಮರತು ಹೋಗೇತಿ" ಎಂದರು. ಆದರೆ ಬಾಣಲೆಯಲ್ಲಿ ಮಿರ್ಚಿ ಬಜ್ಜಿ ಬಿಡುವಾಗ ಅವರ ತುಟಿ ಅಲುಗುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಊರಿನಲ್ಲೆಲ್ಲ ಅವರ ಪ್ಲೇಟಿನಲ್ಲಿ ಮಾತ್ರ ಯಾವತ್ತೂ ಸರಿಯಾಗಿ ಅಷ್ಟೇ ಮಿರ್ಚಿ ಇರುತ್ತಿದ್ದವು.

"ಚಾಚಾ, ನೀವು ದಿನಾ ಎಣಸ್ತೀರಿ" ಎಂದೆ.

ಅವರು ಚಾಕು ಕೆಳಗಿಟ್ಟರು. "ಎಣಸ್ತೀನಿ, ಸುಳ್ಳ್ಯಾಕ ಹೇಳ್ಲಿ. ಅಲ್ಲಿಂದ ಬಂದ ಮ್ಯಾಲ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಒಬ್ಬರಿಗೆ ಹೇಳಿದ್ರ ಹತ್ತು ಮಂದಿಗೆ ಗೊತ್ತಾಗತೇತಿ, ಆಮ್ಯಾಲ ಊರು ಕಲೀತೇತಿ. ಆಗ ನನ್ನ ಗತಿಯೇನು?"

ಮಷಿನ್ ನಿಂತಿತು. ಜೈತುನಬಿ ಬಾಗಿಲಿಗೆ ಬಂದು ನಿಂತರು. "ನಿಮ್ಮ ಮಿರ್ಚಿ ದೊಡ್ಡುವೇನು, ಆಕಿ ಕೂಸು ದೊಡ್ಡದೇನು?" ಎಂದು ಗಂಡನನ್ನು ಕೇಳಿ, ಉತ್ತರಕ್ಕೆ ಕಾಯದೆ ನನಗೊಂದು ಮಣೆ ಹಾಕಿದರು.

ಹೀಗೆ ನನ್ನ ಕಲಿಕೆ ಶುರುವಾಯಿತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಹಿತ್ತಲಿಗೆ ಹೋಗುತ್ತಿದ್ದೆ. ನಾನು ಬೆಳ್ಳುಳ್ಳಿ ಸುಲಿಯುವುದು, ಅವರು ಹೇಳುವುದು. ಮೊದಲನೆಯದು "ಏನ್".

"ಏನ್?" ಎಂದೆ.

"ಹಂಗ ಕೇಳಿದಂಗ ಅಲ್ಲ. ಸುಮ್ಮನ ಹೇಳೂದು. ಏಏನ್. ಒಂದು ಅಂತ ಅರ್ಥ."

"ಏಏನ್" ಎಂದೆ. ಒಳಗಿನಿಂದ ಜೈತುನಬಿ, "ಏನಿಲ್ಲ, ಚಾಕ್ಕ ಇಡಾಕತ್ತೀನಿ" ಎಂದರು.

ಎರಡಕ್ಕೆ ತೂ, ಮೂರಕ್ಕೆ ತ್ರೇ. ನಾಲ್ಕಕ್ಕೆ ಫೀರೆ, ಐದಕ್ಕೆ ಫೆಮ್. ಅಲ್ಲಿಗೆ ಮುದುಕರು ನಿಂತು, ಮಾಡಿನ ಹಂಚು ನೋಡತೊಡಗಿದರು. ಮುಂದಿನದು ಮರೆತರೇನೋ ಎಂದುಕೊಂಡೆ. ಬಹಳ ಒತ್ತಾಯಿಸಿದ ಮೇಲೆ, "ಹೆಣಮಕ್ಕಳ ಮುಂದ ಹೇಳೂವಂಥದ್ದಲ್ಲ" ಎಂದರು. "ಚಾಚಾ, ನಾ ನರ್ಸ್ ಅದೀನಿ" ಎಂದೆ. ಅವರು ಗೋಡೆಯ ಕಡೆ ತಿರುಗಿ "ಸೆಕ್ಸ್" ಎಂದರು. ಆರಕ್ಕೆ ನಾರ್ವೆಯಲ್ಲಿ ಹಾಗೇ ಅನ್ನುತ್ತಾರಂತೆ, ಸಣ್ಣ ಮಕ್ಕಳೂ ಅನ್ನುತ್ತಾರಂತೆ. ಅದನ್ನು ನಾನು ಗಟ್ಟಿಯಾಗಿ ಹೇಳಿದಾಗ ಅವರ ಕಿವಿ ಕೆಂಪಾದವು. ಏಳಕ್ಕೆ ಶೂ. ನಾನು ಶೂ ಎಂದಾಗಲೆಲ್ಲ ಹಿತ್ತಲಿನ ಕೋಳಿಗಳು ಓಡಿಹೋಗುತ್ತಿದ್ದವು. ಎಂಟಕ್ಕೆ ಓಟ್ತೆ, ಒಂಬತ್ತಕ್ಕೆ ನೀ, ಹತ್ತಕ್ಕೆ ತೀ.

ಕೇಳಲು ಸುಲಭ, ನಾಲಿಗೆಗೆ ಸುಲಭವಲ್ಲ. ಏನ್ ಎಂದರೆ ನನ್ನ ತಲೆ ಪ್ರಶ್ನೆ ಕೇಳುತ್ತಿತ್ತು, ನೀ ಎಂದರೆ ಯಾರನ್ನೋ ಕರೆಯುತ್ತಿತ್ತು. ಎಷ್ಟೋ ಸಲ ಬಾಯಿ ತ್ರೇ ಎಂದರೂ ಒಳಗೆ ಮನಸ್ಸು ಮೂರು ಎನ್ನುತ್ತಿತ್ತು. ಹಾಗೆ ಅಂದಾಗಲೆಲ್ಲ ಮುಂದಿದ್ದ ಬೆಳ್ಳುಳ್ಳಿ ಎಸಳಿನಲ್ಲಿ ಒಂದು ಕಾಣೆಯಾಗುತ್ತಿತ್ತು. ಮೋದಿನಸಾಬರು ಬೈಯಲಿಲ್ಲ. "ನಂಗೂ ಹಂಗs ಆಗಿತ್ತು" ಎಂದರು. "ಹಡಗದಾಗ ಬಟಾಟಿ ಎಣಸಾಕ ಹಚ್ಚಿದ್ರು. ತಪ್ಪಿದ್ರ ದೊಡ್ಡ ಅಡಿಗಿಯಾವ ಸೌಟು ತಗೊಂಡು ಬರ್ತಿದ್ದ. ಬಟಾಟಿ ನೋಡಿದ ಕೂಡಲೆ ಅವರ ಮಾತs ಬಾಯಿಗೆ ಬರಬೇಕು, ನಡುವ ನಮ್ಮದು ಬರಬಾರದು. ಅದಕ್ಕ ಬ್ಯಾರೆ ದಾರಿ ಇಲ್ಲ, ಹೇಳಕೋತ ಇರೂದು."

ಹೇಳಿಕೊಳ್ಳುತ್ತ ಇದ್ದೆ. ಸೂಜಿ ಕುದಿಸುವಾಗ, ನೀರು ಸೇದುವಾಗ, ಸ್ನಾನ ಮಾಡುವಾಗ ಹೇಳಿಕೊಂಡೆ. ಒಂದು ಮಧ್ಯಾಹ್ನ ಬುಟ್ಟಿಯಲ್ಲಿದ್ದ ಟೊಮ್ಯಾಟೊ ಎಣಿಸಿದೆ, ತೀ ಎಂದು ಮುಗಿಯಿತು. ಮತ್ತೆ ಎಣಿಸಿದೆ, ಆಗಲೂ ತೀ. ಒಂದೂ ಹೋಗಿರಲಿಲ್ಲ. ಮೋದಿನಸಾಬರು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಉಳ್ಳಾಗಡ್ಡಿಯ ಘಾಟು ಇದ್ದಿರಬಹುದು.

ಹತ್ತರ ಮುಂದಿನವು ಕಷ್ಟದವು. ಎಲ್ವೆ, ತೋಲ್, ತ್ರೆತ್ತನ್ ಎಂದು ಸಾಗಿ ಇಪ್ಪತ್ತಕ್ಕೆ ತ್ಯೂವೆ. ಅಲ್ಲಿಂದಾಚೆ ಮೋದಿನಸಾಬರು ಕಲಿತದ್ದು ಹಳೆಯ ಪದ್ಧತಿ. ಇಪ್ಪತ್ತೊಂದಕ್ಕೆ "ಏನ್ ಓ ತ್ಯೂವೆ", ಅಂದರೆ ಒಂದು ಮತ್ತು ಇಪ್ಪತ್ತು. "ನಮ್ಮ ಇಕ್ಕೀಸ್ ಬಾಯೀಸ್ ಇದ್ದಂಗ, ಸಣ್ಣದು ಮೊದಲ" ಎಂದು ತೋರಿಸಿಕೊಟ್ಟರು. ಹಡಗಿನಲ್ಲಿ ಹೊಸ ಹುಡುಗರು ದೊಡ್ಡದನ್ನು ಮೊದಲು ಹೇಳುತ್ತಿದ್ದರಂತೆ, ಹಳಬರಿಗೂ ಅವರಿಗೂ ಊಟದ ಮೇಜಿನಲ್ಲಿ ಅದೇ ವಾದವಂತೆ. ನಾನು ಮೂವತ್ತರ ತ್ರೆದ್ವೆಯವರೆಗೆ ಕಲಿತು, ತುತ್ತೂರಿ ತೆಗೆದುಕೊಂಡು ಸಾವಂತ್ರಿಯ ಮನೆಗೆ ಹೋದೆ.

ಅವಳ ಅತ್ತೆ ಕಾಶವ್ವ ಬಾಗಿಲ ಹತ್ತಿರ ಕೂತಿದ್ದಳು. ಸಾವಂತ್ರಿಯ ಹೊಟ್ಟೆಗೆ ತುತ್ತೂರಿಯ ಅಗಲ ಬಾಯಿ ಇಟ್ಟು, ಇನ್ನೊಂದು ತುದಿಗೆ ಕಿವಿ ಒತ್ತಿ, ಕೈಗಡಿಯಾರದ ಸೆಕೆಂಡಿನ ಮುಳ್ಳು ಮೇಲಕ್ಕೆ ಬರುವುದನ್ನು ಕಾದು ಶುರು ಮಾಡಿದೆ. ಬಡಿತದ ಜೊತೆಯೇ ನಾಲಿಗೆ ಓಡಬೇಕು, ತುಟಿಯಲ್ಲಿ ಹೇಳಿಕೊಳ್ಳದಿದ್ದರೆ ನನಗಿನ್ನೂ ಬರುತ್ತಿರಲಿಲ್ಲ. ಹದಿನೆಂಟರ ಆತ್ತನ್ ದಾಟಿತು. ಹತ್ತೊಂಬತ್ತಕ್ಕೆ ಅವರ ಮಾತು ನಿತ್ತನ್. ಅದು ನನ್ನ ಬಾಯಿಂದ ಬಿದ್ದದ್ದೇ ತಡ ಸಾವಂತ್ರಿ ಚೀರಿ ಎದ್ದು ಕೂತಳು. ತುತ್ತೂರಿ ಉರುಳಿ ಬಿತ್ತು.

"ನಿತ್ತಾನ ಅಂದ್ರಿ" ಎಂದು ಅವಳು ನನ್ನ ತೋಳು ಹಿಡಿದು ಅಲುಗಿಸಿದಳು. "ನಿತ್ತಾನ ಅಂದ್ರೆಲ್ರಿ ಬಾಯಾರ." ಕಾಶವ್ವ ಆಗಲೇ ಎದೆ ಬಡಿದುಕೊಂಡು ಅಂಗಳಕ್ಕೆ ಓಡಿದ್ದಳು. ಕೂಸಿನ ಎದೆ ನಿಂತಿಲ್ಲ, ಅದು ಆ ದೇಶದ ಅಂಕಿ ಎಂದು ನಾನು ತಿಳಿಸಿ ಹೇಳುವಷ್ಟರಲ್ಲಿ ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಸಾವಂತ್ರಿ ನಂಬಲಿಲ್ಲ. ಅವಳ ಕಿವಿಗೇ ತುತ್ತೂರಿ ಮುಟ್ಟುವ ಹಾಗಿಲ್ಲ, ಹಾಗಾಗಿ ಕಾಶವ್ವನನ್ನು ಕರೆದು ಕೇಳಿಸಿದೆ. ಮುದುಕಿ ಬಹಳ ಹೊತ್ತು ಕಿವಿಗೊಟ್ಟು, "ಓಡಾಕತ್ತೇತಿ, ಓಡಾಕತ್ತೇತಿ" ಎಂದು ಸೊಸೆಯ ತಲೆ ಸವರಿದಳು.

ಆವತ್ತು ನನಗೆ ಮತ್ತೊಂದೂ ತಿಳಿಯಿತು. ತ್ಯೂವೆ ದಾಟಿದ ಮೇಲೆ ಮಾತುಗಳು ಉದ್ದವಾಗುತ್ತವೆ. ನಾನು ತ್ರೇ ಓ ತ್ಯೂವೆ ಎಂದು ಮುಗಿಸುವುದರೊಳಗೆ ಕೂಸಿನ ಎದೆ ನನ್ನನ್ನು ಬಿಟ್ಟು ಮುಂದೆ ಹೋಗಿರುತ್ತದೆ. ಮರುದಿನ ಮೋದಿನಸಾಬರ ಹಿತ್ತಲಿನಲ್ಲಿ ಕೂತು ಬೇರೆ ಉಪಾಯ ಮಾಡಿಕೊಂಡೆ. ಹತ್ತರವರೆಗಷ್ಟೇ ಎಣಿಸುವುದು, ತೀ ಎಂದ ಕೂಡಲೇ ಒಂದು ಬೆರಳು ಮಡಚಿ ಮತ್ತೆ ಏನ್‌ನಿಂದ ಶುರು ಮಾಡುವುದು. ಮುಳ್ಳು ಕಾಲು ಭಾಗ ಸುತ್ತುವುದರೊಳಗೆ ಮೂರು ಬೆರಳು ಮಡಚಿದರೆ ಕೂಸು ಕ್ಷೇಮ. ಬಾಯಿ ಮುಚ್ಚಿಕೊಂಡು ಎಣಿಸುವುದನ್ನೂ ಕಲಿಯಬೇಕಿತ್ತು. ಜೈತುನಬಿ ಹೊಲಿಗೆ ಮಷಿನ್ ತುಳಿದರು, ನಾನು ಸೂಜಿಯ ಸದ್ದನ್ನು ಎಣಿಸಿದೆ. ನಾನು ಹಿಂದೆ ಬಿದ್ದರೆ ಅವರಿಗೆ ಗೊತ್ತಾಗುತ್ತಿತ್ತು, ಆಗ ಇನ್ನೂ ಜೋರಾಗಿ ತುಳಿಯುತ್ತಿದ್ದರು. "ಕೂಸು ನಿಮ್ಮ ಸಲುವಾಗಿ ನಿಧಾನ ಆಗೂದಿಲ್ಲ" ಎನ್ನುತ್ತಿದ್ದರು. ಆ ದಿನಗಳಲ್ಲಿ ಅವರು ಸೂಜಿಯಡಿ ಬಟ್ಟೆಯಿಡದೆ ಹೊಲಿದ ಹೊಲಿಗೆಗೆ ಲೆಕ್ಕವಿಲ್ಲ.

ಆದರೆ ಸಾವಂತ್ರಿಯ ಕೂಗು ಊರಿಗೆ ಸುದ್ದಿ ಮುಟ್ಟಿಸಿತ್ತು. ಕೆಡದ ಎಣಿಕೆಯೊಂದಿದೆ, ಮೋದಿನಸಾಬರ ಹತ್ತಿರ ಇದೆ ಎಂದು ತಿಳಿದ ಮೇಲೆ ಅಂಗಡಿಯ ಮುಂದೆ ಜನ ನಿಂತರು. ಚಂಬವ್ವನಿಗೆ ಮೊಟ್ಟೆ ಎಣಿಸಬೇಕಿತ್ತು. ಕುರಿ ಕಾಯುವ ಲಕ್ಕಪ್ಪನಿಗೆ ಹೆಸರು ಕೂಗಿ ಕೂಗಿ ಗಂಟಲು ಹೋಗಿತ್ತು. ಅವರ ಆಸೆ ತಪ್ಪೆಂದು ನಾನು ಹೇಳಲಾರೆ. ಮೋದಿನಸಾಬರು ಅಂಗಡಿಯ ಬಾಗಿಲು ಹಾಕಿಕೊಂಡು, "ನಾ ಮೊದಲs ಹೇಳಿದ್ನಲ್ಲ" ಎಂದು ನನ್ನನ್ನು ನೋಡಿದರು. ಆಗ ಮಹಾರುದ್ರನ ಟಂಟಂ ಬಂತು. ಮಲಗಿರಬೇಕಾದ ಸಾವಂತ್ರಿ ಹಿಂದೆ ಕೌದಿಯ ಮೇಲೆ ಕೂತಿದ್ದಳು. ಇಳಿಯಲಿಲ್ಲ. ಊದಿದ ಕಾಲು ಎಲ್ಲರಿಗೂ ಕಾಣುವಂತೆ ಹೊರಗೆ ಚಾಚಿ, ಮೆತ್ತಗೆ ಮಾತಾಡಿದಳು.

"ಲಕ್ಕಪ್ಪಣ್ಣ, ನೀವೆಲ್ಲ ಕಲತ್ರ ಇದೂ ಕೆಡತೇತಿ. ಕೆಟ್ಟ ಮ್ಯಾಲ ಬಾಯಾರು ನನ್ನ ಕೂಸಿನ ಎದಿ ಹೆಂಗ ಕೇಳಬೇಕು? ನಂಗ ಹಡದ ಹಗರಾಗಾಕ ಬಿಡ್ರಿ. ಆಮ್ಯಾಲ ನಿಮಗ ಬೇಕಾದಂಗ ಮಾಡ್ರಿ."

ಲಕ್ಕಪ್ಪ ತನ್ನ ಕಂಬಳಿ ಹೆಗಲಿಗೆ ಹಾಕಿಕೊಂಡು ಮೊದಲು ಹೊರಟ. ಅವನ ಹಿಂದೆ ಉಳಿದವರೂ ಹೋದರು. ಆಮೇಲೆ ನಾನು ತುತ್ತೂರಿ ಹಿಡಿದು ಆ ಓಣಿಗೆ ಕಾಲಿಟ್ಟರೆ ಜನ ತಾವಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು, ನನ್ನ ತುಟಿಯಿಂದ ಅಪ್ಪಿತಪ್ಪಿ ಒಂದು ಮಾತೂ ಅವರ ಕಿವಿಗೆ ಬೀಳಬಾರದೆಂದು. ಕಾಶವ್ವ ಕೂಡ ಎದ್ದು ಬಾವಿಯ ಹತ್ತಿರ ಹೋಗಿ ಕೂರುತ್ತಿದ್ದಳು. ಒಳಗೆ ನಾನು ಮತ್ತು ಸಾವಂತ್ರಿ ಮಾತ್ರ. ಅವಳು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಮೂರನೆಯದು ಮಡಚಿದ ಮೇಲೆ ಉಸಿರು ಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಮೂರನೆಯದು ಮಡಚಲಿಲ್ಲ. ಎರಡು ಬೆರಳು ಮಡಚಿ, ಫೆಮ್ ಎನ್ನುವಷ್ಟರಲ್ಲಿ ಮುಳ್ಳು ಬಂದುಬಿಟ್ಟಿತು. ತುತ್ತೂರಿಯ ಜಾಗ ಸರಿಸಿ ಮತ್ತೆ ಕೇಳಿದೆ. ಈ ಸಲ ತ್ರೇಗೆ ನಿಂತಿತು. ಸಾವಂತ್ರಿ ನನ್ನ ಕೈಯನ್ನು ನೋಡಿದಳು, ತಾನೇ ಎದ್ದು ಚಪ್ಪಲಿ ಹುಡುಕಿದಳು.

ಮಹಾರುದ್ರ ಟಂಟಂ ಓಡಿಸಿದ ರೀತಿಗೆ ದಾರಿಯಲ್ಲಿದ್ದವರು ಬದಿಗೆ ಹಾರಿದರು. ಏರಿನ ನಡುವೆ ನಾನು ನಿಲ್ಲಿಸು ಎಂದೆ, ಎಂಜಿನ್ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಅವನು ನಿಲ್ಲಿಸಲೊಲ್ಲ. "ನಿಲ್ಲಿಸಿದ್ರ ಹೊತ್ತಾಗತೇತ್ರಿ" ಎಂದು ಅಳುವ ದನಿಯಲ್ಲಿ ಹೇಳಿದ. "ಎಡಕ್ಕ ಹೊಳ್ಳಿ ಮಲಗಿಸೀನಿ, ಅದರಿಂದ ಎದಿ ಏರೇತೋ ಇಲ್ಲೋ ನಂಗ ತಿಳೀಬೇಕು. ನಿಲ್ಲಸು" ಎಂದು ಗದರಿದೆ. ಗುಡ್ಡದ ನೆತ್ತಿಯಲ್ಲಿ ಸುಣ್ಣ ಬಳಿದ ಗಡಿಕಲ್ಲು ದಾಟಿ ನಿಲ್ಲಿಸಿದ. "ಈ ಕಡೆ ಬಂದ್ವಿ. ಇನ್ನ ನಮ್ಮ ಮಾತಿನ್ಯಾಗ ಎಣಸ್ರಿ, ಚಿಂತಿಲ್ಲ" ಎಂದ. ಹೌದಲ್ಲ ಎಂದು ಕಿವಿ ಒತ್ತಿದೆ. ಒಂದು, ಎರಡು ಎಂದು ಶುರು ಮಾಡಿದರೆ ನಾಲಿಗೆ ಏಳಲಿಲ್ಲ. ಇಷ್ಟು ವರ್ಷ ಊರಿನಲ್ಲಿ ತಡೆದಿಟ್ಟ ಮಾತು ಬೇಕೆಂದಾಗ ಹೊರಗೆ ಬರಲಿಲ್ಲ. ಏನ್, ತೂ, ತ್ರೇ ಎಂದೆ, ಅದು ಸರಾಗ ಓಡಿತು. ಎರಡು ಬೆರಳು ಮತ್ತು ಸೆಕ್ಸ್. ಸ್ವಲ್ಪ ಏರಿತ್ತು, ಸಾಕಾಗುವಷ್ಟಲ್ಲ.

ಉಮರಾಣಿ ಮೇಡಂ ವರಾಂಡದಲ್ಲೇ ಎದುರಾದರು. "ನಂಬರ್?" ಎಂದರು.

"ಮನ್ಯಾಗ ಇಪ್ಪತ್ತೈದು, ಆಮ್ಯಾಲ ಇಪ್ಪತ್ಮೂರು. ಹೊಳ್ಳಿ ಮಲಗಿಸಿದ ಮ್ಯಾಲ ಇಪ್ಪತ್ತಾರು" ಎಂದೆ.

ಅವರು ಸ್ಟ್ರೆಚರ್ ತರಿಸಿದರು. ಸಾವಂತ್ರಿಯನ್ನು ನೇರ ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋದರು. ನನ್ನನ್ನೂ ಒಳಗೆ ಬಿಟ್ಟರು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು ಬಂದ ಹೆಣ್ಣುಕೂಸು, ನೀಲಿಯಾಗಿತ್ತು. ಮೇಡಂ ಅದರ ಬೆನ್ನು ಉಜ್ಜಿದರು, ಬಾಯಿ ಹೀರಿದರು, ಅಂಗಾಲಿಗೆ ತಟ್ಟಿದರು. ಆಮೇಲೆ ಅದು ಅತ್ತಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಹಾರುದ್ರನಿಗೆ ಹೇಳಲು ಹೋದರೆ ಅವನು ಆ ಅಳು ಕೇಳಿಯೇ ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

ಕೂಸು ಊರಿಗೆ ಬಂತು, ಅಮೃತಾ ಎಂದು ಹೆಸರಿಟ್ಟರು. ಸಾವಂತ್ರಿ ಕೊಟ್ಟ ಮಾತಿನಂತೆ ಜನ ಈಗ ಕಲಿಯಬಹುದಿತ್ತು. ಆದರೆ ಲಕ್ಕಪ್ಪನ ಸೊಸೆ ಫಕೀರವ್ವ ಆಗಲೇ ಬಸುರಿಯಾಗಿದ್ದಳು, ಅವನೇ ಎಲ್ಲರನ್ನೂ ತಡೆದ. ಆದರೂ ಕೆಟ್ಟಿತು. ದಿನವೂ ನನ್ನ ಪಿಸುಮಾತು ಕೇಳುತ್ತ ಮಲಗಿದ್ದ ಸಾವಂತ್ರಿಗೆ ಆ ಅಂಕಿಗಳು ತಾವಾಗಿ ಬಂದುಬಿಟ್ಟಿದ್ದವು. ತೊಟ್ಟಿಲು ತೂಗುವಾಗ ಅವಳ ಬಾಯಲ್ಲಿ ಅವೇ ಜೋಗುಳವಾಗಿದ್ದವು. ಓಣಿಯ ಹುಡುಗಿಯರು ಕೇಳಿ ಕಲಿತು ಕುಂಟಾಟದಲ್ಲಿ ಹೇಳತೊಡಗಿದ್ದರು. ಒಂದು ಬೆಳಿಗ್ಗೆ ಫಕೀರವ್ವನ ಹೊಟ್ಟೆಗೆ ಕಿವಿಗೊಟ್ಟು ಎಣಿಸುತ್ತಿದ್ದೆ. ಶೂ ಎಂದ ಮೇಲೆ ಓಟ್ತೆಗೆ ಬಡಿತ ಬರಲಿಲ್ಲ. ಒಂದು ಬಡಿತದ ಜಾಗ ಖಾಲಿ ಹೋಯಿತು. ತಕ್ಷಣ ತುತ್ತೂರಿ ಎತ್ತಿಬಿಟ್ಟೆ.

ಸಾವಂತ್ರಿ ಕೂಸನ್ನು ಎತ್ತಿಕೊಂಡು ನನ್ನಲ್ಲಿಗೆ ಬಂದಳು. ಮುಖ ಬಾಡಿತ್ತು. "ನಾನs ಕೆಡಿಸಿದೆ ಬಾಯಾರ" ಎಂದಳು.

"ತೊಟ್ಟಿಲಾ ತೂಗೂವಾಗ ಹಾಡಬ್ಯಾಡ ಅಂತ ಯಾರು ಹೇಳಾಕಾಗತೇತಿ? ನಡಿ, ಚಾಚಾನ ಕಡೆ ಹೋಗೂಣು" ಎಂದೆ. ಕೂತು ಮರುಗುವ ಹೊತ್ತಲ್ಲ ಅದು. ಫಕೀರವ್ವನಿಗೆ ಇನ್ನೂ ತಿಂಗಳುಗಳಿದ್ದವು, ಆದರೆ ಕಲಿಯುವುದಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ನನಗೆ ಗೊತ್ತಿತ್ತು.

ಮೋದಿನಸಾಬರು ಸಿಟ್ಟಾಗುತ್ತಾರೆಂದು ಅಂಜಿದ್ದೆ, ಆಗಲಿಲ್ಲ. ಸಾವಂತ್ರಿಯ ತೋಳಿನಿಂದ ಕೂಸನ್ನು ತೆಗೆದುಕೊಂಡು ತೊಡೆಯ ಮೇಲೆ ಮಲಗಿಸಿಕೊಂಡರು. ಬೇರೆ ಯಾವುದಾದರೂ ಹಡಗಿನಲ್ಲಿ ಇದ್ದಿರಾ ಎಂದು ಕೇಳಿದೆ.

"ಫಿನ್ಲೆಂಡಿನವರ ಹಡಗ ಒಂದಿತ್ತು. ಥಂಡಿ ತಾಳಲಾರದ ಲಗೂನ ಬಿಟ್ಟು ಬಂದೆ. ಪೂರಾ ಕಲೀಲಿಲ್ಲ" ಎಂದರು. ಕಣ್ಣು ಮುಚ್ಚಿ, ಬೆರಳಿನಿಂದ ಕೂಸಿನ ಹೊಟ್ಟೆಯ ಮೇಲೆ ತಾಳ ಹಾಕುತ್ತ ನೆನಪು ಮಾಡಿಕೊಂಡರು. "ಯುಕ್ಸಿ. ಕಾಕ್ಸಿ. ಕೋಲ್ಮೆ. ನೆಲ್ಯಾ. ವೀಸಿ. ಕೂಸಿ. ಅಷ್ಟ. ಆರರ ಮುಂದ ನಂಗ ಬರೂದಿಲ್ಲ."

"ಆರಕ್ಕ ಕೂಸಿ ಅಂತೇನ್ರಿ?" ಎಂದು ಸಾವಂತ್ರಿ ಕೇಳಿದಳು.

"ಹೌದು. ಅದರ ಮುಂದ ಇಲ್ಲ. ಆರು ತಗೊಂಡು ಏನ್ ಮಾಡ್ತೀರಿ?" ಎಂದರು ಮುದುಕರು ನನ್ನ ಕಡೆ ತಿರುಗಿ.

ನಾನು ನನ್ನ ಕೈ ನೋಡಿಕೊಂಡೆ. ಆರಾರಕ್ಕೆ ಒಂದೊಂದು ಬೆರಳು ಮಡಚಿದರೆ ಐದು ಬೆರಳಿಗೆ ಮೂವತ್ತು. ಮುಷ್ಟಿ ಪೂರ್ತಿ ಮುಚ್ಚಿದರೆ ಕೂಸು ಕ್ಷೇಮ. ಒಂದು ಕೈ ಸಾಕು.

"ಆರು ಸಾಕು ಚಾಚಾ" ಎಂದೆ. ಸಾವಂತ್ರಿ ಕೂಸನ್ನು ಎತ್ತಿಕೊಂಡು, ಒಂದು ಮಾತೂ ಕಿವಿಗೆ ಬೀಳದಷ್ಟು ದೂರ ಹೋಗಿ ರಸ್ತೆಯ ಆಚೆ ನಿಂತಳು. ಜೈತುನಬಿ ಕೋಣೆಯ ಬಾಗಿಲು ಹಾಕಿಕೊಂಡು ಮಷಿನ್ ಶುರು ಮಾಡಿದರು. ನಾನು ಮಣೆ ಎಳೆದುಕೊಂಡು ಕೂತೆ.

"ಯುಕ್ಸಿ" ಎಂದರು ಮೋದಿನಸಾಬರು.

"ಉಕ್ಸಿ" ಎಂದೆ.

"ಹಂಗಲ್ಲ" ಎಂದರು. "ಇನ್ನೊಮ್ಮೆ ಅನ್ರಿ."